ಭಾನುವಾರಕ್ಕೆ ಹಲ್ಲು

ಮೂರು ಮಿಲಿಮೀಟರ್ ಹೆಚ್ಚಾಯಿತೇನೋ. ಇಲ್ಲ, ಡಾಕ್ಟರಮ್ಮನ ಅಳತೆಯೇ ಕಡಿಮೆ. ಅವರು ಅಪ್ಪನನ್ನು ನೋಡಿದ್ದು ಹಲ್ಲು ಹೋದ ಮೇಲೆ. ಮುಖ ಕುಸಿದು, ಗಲ್ಲ ಮೂಗಿನ ಹತ್ತಿರಕ್ಕೆ ಬಂದು ಕೂತ ಮೇಲೆ. ಈ ಬಾಯಿ ಮೊದಲು ಹೇಗಿತ್ತು ಅಂತ ಅವರಿಗೇನು ಗೊತ್ತು? ಹಾಗಾದರೆ ತನಗೆ ಗೊತ್ತೇ? ಗೊತ್ತಿಲ್ಲದೆ ಏನು, ಬುದ್ಧಿ ಬಂದಾಗಿನಿಂದ ನೋಡಿದ ಬಾಯಿ. ಆದರೂ ಮೂರು ಮಿಲಿಮೀಟರ್ ಎಂದರೆ ಸಣ್ಣದಲ್ಲ. ಬೇರೆ ಯಾರ ಹಲ್ಲಿನ ಸೆಟ್ಟಾದರೂ ಆಗಿದ್ದರೆ, ಡಾಕ್ಟರು ಬರೆದುಕೊಟ್ಟ ಅಳತೆಯನ್ನು ಕೂದಲೆಳೆಯಷ್ಟೂ ದಾಟುವವನಲ್ಲ ಅವನು.

ಎದುರಿಗೆ, ದವಡೆಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿನಲ್ಲಿ ಅಪ್ಪನ ವಸಡುಗಳ ಪ್ಲಾಸ್ಟರ್ ಅಚ್ಚು ಕೂತಿತ್ತು. ಮೇಲೊಂದು, ಕೆಳಗೊಂದು, ನಡುವೆ ಗುಲಾಬಿ ಬಣ್ಣದ ಮೇಣದ ಕಟ್ಟೆ. ಆ ಕಟ್ಟೆ ಎಷ್ಟು ಎತ್ತರವೋ, ಬಾಯಿ ಮುಚ್ಚಿದಾಗ ಮುಖ ಅಷ್ಟು ಉದ್ದ. ಹಲ್ಲು ಕಟ್ಟುವುದರಲ್ಲಿ ಮಿಕ್ಕಿದ್ದೆಲ್ಲ ಕೈಚಳಕ. ಇದೊಂದು ಮಾತ್ರ ತೀರ್ಮಾನ. ಅವನು ಚಾಕುವನ್ನು ದೀಪದ ಉರಿಗೆ ಹಿಡಿದು, ಕಟ್ಟೆಯ ಮೇಲೆ ಇನ್ನೊಂದು ಪದರ ಮೇಣ ಎಳೆದ.

"ಹೊರಗಿನವರ ಬಾಯಿಗೆ ಅರ್ಧ ದಿನ. ಅಪ್ಪನ ಬಾಯಿಗೆ ನಿನ್ನೆಯಿಂದ ಕೂತಿದೀಯ," ಎಂದರು ಪಕ್ಕದ ಮೇಜಿನ ಪಾಲಿಶ್ ಅಕ್ಕ. "ಹಲ್ಲು ಕಟ್ತಿದೀಯೋ, ಕಿರೀಟ ಮಾಡ್ತಿದೀಯೋ?"

ಕ್ಲಿನಿಕ್ಕಿನ ಮೇಲಿನ ಮಹಡಿಯ ಆ ಲ್ಯಾಬಿನಲ್ಲಿ ಇದ್ದವರು ಅವರಿಬ್ಬರೇ. ಇಪ್ಪತ್ತು ವರ್ಷದಿಂದ ಅವನು ಹಲ್ಲು ಜೋಡಿಸುತ್ತಿದ್ದ, ಅವರು ಉಜ್ಜಿ ಹೊಳಪು ಕೊಡುತ್ತಿದ್ದರು, ಮತ್ತು ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅವನು ಚಾಕುವನ್ನು ಮತ್ತೆ ಉರಿಗೆ ಹಿಡಿದ. ಅವನ ಉತ್ತರ ಒಳಗಿಂದ ಮುಖದವರೆಗೆ ಬರುವಷ್ಟರಲ್ಲಿ ಕೇಳಿದವರು ಬೇರೆ ಕೆಲಸಕ್ಕೆ ಹೋಗಿರುತ್ತಿದ್ದರು. ನಲವತ್ತೇಳಕ್ಕೆ ಅವನು ಹೀಗಾಗಿದ್ದ. "ಅಪ್ಪಾ, ನಿನ್ನ ಮುಖ ಹ್ಯಾಂಗ್ ಆಗಿದೆ, ರೀಸ್ಟಾರ್ಟ್ ಮಾಡ್ಲಾ?" ಎಂದು ಮಗಳು ಅವನ ಕಿವಿ ಹಿಂಡುತ್ತಿದ್ದಳು.

ಅಪ್ಪ ಲ್ಯಾಬಿಗೆ ಬಂದದ್ದು ಮಂಗಳವಾರ. ಎಪ್ಪತ್ತಾರು ವಯಸ್ಸು, ಮೂವತ್ತೆಂಟು ಮೆಟ್ಟಿಲು. ನಾಲ್ಕು ವರ್ಷದಿಂದ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಗ ಎಷ್ಟು ಕೇಳಿಕೊಂಡರೂ, "ಇನ್ನು ಯಾರನ್ನ ಕಚ್ಚಬೇಕು, ಬಿಡೋ," ಎನ್ನುತ್ತಿದ್ದರು. ಮಂಗಳವಾರ ಬಾಗಿಲು ಹಿಡಿದು ನಿಂತು, ಉಸಿರು ತಹಬಂದಿಗೆ ಬರುವ ಮೊದಲೇ ಹೇಳಿದರು:

"ನಂಗೆ ಹಲ್ಲು ಬೇಕು."

"ಆಗಲಿ ಅಪ್ಪ. ಮುಂದಿನ ತಿಂಗಳು..."

"ಭಾನುವಾರಕ್ಕೆ."

"ಐದು ದಿನಕ್ಕೆ ಆಗಲ್ಲ. ಅಚ್ಚು ತೆಗೀಬೇಕು, ಅಳತೆ ತಗೋಬೇಕು, ಮೇಣದಲ್ಲಿ ಕಟ್ಟಿ ಒಂದ್ಸಲ ಹಾಕಿ ನೋಡ್ಬೇಕು..."

"ಮಿಲ್ಲಲ್ಲಿ ಕೆಟ್ಟು ನಿಂತ ಮಗ್ಗಾನ ಒಂದೇ ಪಾಳಿಯಲ್ಲಿ ಎಬ್ಬಿಸ್ತಿದ್ವಿ. ಮೂವತ್ತೆರಡು ಹಲ್ಲಿಗೆ ಐದು ದಿನ ಸಾಲ್ದಾ?"

"ಸೆಟ್ಟಲ್ಲಿ ಇಪ್ಪತ್ತೆಂಟೇ ಇರೋದು."

"ನೋಡು! ಇನ್ನೂ ಕಡಿಮೆನೇ ಆಯ್ತು."

ಪಾಲಿಶ್ ಅಕ್ಕ ನಗು ತಡೆಯಲಾರದೆ ಯಂತ್ರ ನಿಲ್ಲಿಸಿದರು. ಅವನು ಕುರ್ಚಿ ಎಳೆದು ಕೊಟ್ಟ. ಅಪ್ಪ ಕೂರಲಿಲ್ಲ.

"ಗುಬ್ಬಿ ಹೊರಟಳು ಕಣೋ. ಮಗಳ ಊರಿಗೆ. ಭಾನುವಾರ ಸಂಜೆ ಲಾರಿ ಬರುತ್ತಂತೆ."

ಗುಬ್ಬಿ ಎಂದರೆ ಅಪ್ಪನ ತಂಗಿ, ಅವನ ಅತ್ತೆ. ವಯಸ್ಸು ಅರವತ್ತಾರಾದರೂ ಅಪ್ಪನ ಬಾಯಲ್ಲಿ ಗುಬ್ಬಿಯೇ. ಅಣ್ಣ ತಂಗಿ ಇಬ್ಬರೂ ಒಂದೇ ಬಟ್ಟೆ ಮಿಲ್ಲಿನಲ್ಲಿ ದುಡಿದವರು. ಅಪ್ಪ ಮೇಸ್ತ್ರಿ, ಅತ್ತೆ ಮಗ್ಗದ ಮುಂದೆ. ಇನ್ನೂರು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರು ದನಿಯನ್ನೇ ಬಿಟ್ಟಿದ್ದರು. ತುಟಿ, ಹಲ್ಲು, ನಾಲಿಗೆಗಳನ್ನು ದೊಡ್ಡದಾಗಿ ಆಡಿಸಿ, ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಮಾತಾಡುತ್ತಿದ್ದರು. ಸಂಸಾರದ ಗೋಳು, ಮೇಸ್ತ್ರಿಯ ಬೈಗುಳ, ಪೋಲಿ ಹಾಸ್ಯ ಎಲ್ಲವೂ ತುಟಿಯಿಂದ ಕಣ್ಣಿಗೆ. ಮಿಲ್ಲು ಮುಚ್ಚಿ ಕಾಲವಾಯಿತು. ಅದರ ಸದ್ದು ಅಪ್ಪನ ಕಿವಿಯನ್ನು ಅರ್ಧ, ಅತ್ತೆಯದನ್ನು ಪೂರ್ತಿ ತಿಂದುಹಾಕಿತ್ತು. ಅತ್ತೆಗೆ ಈಗ ಲೋಕವೆಲ್ಲ ಆ ಶೆಡ್ಡೇ. ಎದುರಿನವರ ಬಾಯಿ ನೋಡಿ ಮಾತು ತಿಳಿಯುತ್ತಿದ್ದರು. ಹೋದ ತಿಂಗಳು ಅಪ್ಪ ನೋಡಲು ಹೋದಾಗ ಅತ್ತೆ ತಮ್ಮ ಎತ್ತರದ ದನಿಯಲ್ಲಿ ಹೇಳಿಬಿಟ್ಟಿದ್ದರು: "ಅಣ್ಣ, ಏನಂತೀಯೋ ಗೊತ್ತಾಗಲ್ಲ ಕಣೋ. ನಿನ್ನ ಬಾಯಿ ಬಾವಿ ಆಗಿದೆ."

"ಅವಳ ಹತ್ರ ಒಂದು ಮಾತು ಆಡೋದಿದೆ," ಎಂದರು ಅಪ್ಪ.

ಯಾವ ಮಾತು ಎಂದು ಅವನು ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ನಲವತ್ತೊಂದು ವರ್ಷದ ಹಿಂದೆ, ಬಣ್ಣ ಹಾಕುವ ವಿಭಾಗದ ಒಬ್ಬನನ್ನು ಮದುವೆಯಾಗುತ್ತೇನೆಂದು ಅತ್ತೆ ಹಟ ಹಿಡಿದಿದ್ದರು. ಒಂದು ದಿನ ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, ಮಗ್ಗಗಳ ಸಾಲಿನ ಕೊನೆಯಲ್ಲಿದ್ದ ತಂಗಿಯ ಕಡೆ ನೋಡಿ, ದವಡೆ ಕಚ್ಚಿ, ಒಂದೊಂದೇ ಪದ ಬಿಡಿಸಿ, "ನೀನು ನನ್ನ ಪಾಲಿಗೆ ಸತ್ತೆ" ಎಂದಿದ್ದರು. ಯಾರಿಗೂ ಕೇಳಲಿಲ್ಲ. ಇನ್ನೂರು ಜನಕ್ಕೂ ಕಂಡಿತು. ಅತ್ತೆ ಮದುವೆಯಾದರು, ಅಣ್ಣ ಹೋಗಲಿಲ್ಲ. ಮಗು ಹುಟ್ಟಿದ ಮೇಲೆ ಹೋಗಿ ಬರುವುದು ಶುರುವಾಯಿತು, ಆರು ವರ್ಷದ ಹಿಂದೆ ಅತ್ತೆಯ ಗಂಡ ತೀರಿಕೊಂಡಾಗ ಹೆಗಲು ಕೊಟ್ಟವರೂ ಅಪ್ಪನೇ. ಆ ಮಾತು ಮಾತ್ರ ಇದ್ದ ಜಾಗದಲ್ಲೇ ಇತ್ತು. ಎಲ್ಲರೂ ಅದನ್ನು ಸುತ್ತಿ ಬಳಸಿ ಓಡಾಡುವುದನ್ನು ಕಲಿತಿದ್ದರು.

"ಒಂದು ಕಾಗದದಲ್ಲಿ ಬರೆದುಕೊಟ್ರೆ ಆಗಲ್ವಾ ಅಪ್ಪ?"

ಅಪ್ಪ ಅವನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಬಾಯಲ್ಲಿ ಅಂದಿದ್ದು. ಬಾಯಲ್ಲೇ ವಾಪಸ್ ತಗೋಬೇಕು."

ಹಾಗೆ ಹೇಳುವಾಗ ಅವರ ಕಣ್ಣಲ್ಲಿ ನೀರು ತುಂಬಿತು. ಈಚೆಗೆ ಅಪ್ಪನಿಗೆ ಹೀಗಾಗುತ್ತಿತ್ತು. ಕ್ಷೌರದವನು ಕತ್ತಿನ ಸುತ್ತ ಬಿಸಿ ಬಟ್ಟೆ ಇಟ್ಟರೆ ಅಳು, ಟೀವಿಯಲ್ಲಿ ಗೆದ್ದ ಓಟಗಾರನನ್ನು ಕಂಡರೆ ಅಳು. "ಸೀನು ಬಂದ ಹಾಗೆ ಬಂದ್ಬಿಡುತ್ತೆ, ಥತ್," ಎಂದು ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ಆ ಮನುಷ್ಯನಿಗೆ ಇದ್ದದ್ದು ಒಂದೇ ಭಾವ. ಸಂತೋಷ, ಭಯ, ಮುದ್ದು ಏನೇ ಒಳಗೆ ಹೊಕ್ಕರೂ ಹೊರಬರುವಾಗ ಸಿಟ್ಟಾಗಿರುತ್ತಿತ್ತು. ಜ್ವರ ಬಂದ ಮಗನಿಗೂ ಬೈಗುಳ, ಮೊದಲ ಸ್ಥಾನ ಬಂದ ಮಗನಿಗೂ ಬೈಗುಳ. ಈಗ ಆ ಬಾಗಿಲು ಮುಚ್ಚಿ ಇನ್ನೊಂದು ತೆರೆದಿತ್ತು. ಯಾವ ಭಾವ ಬಂದರೂ ನೀರು. ಇವೆರಡರ ನಡುವೆ, ನಲವತ್ತು ಐವತ್ತರ ವಯಸ್ಸಿನಲ್ಲಿ, ಎರಡೂ ಬಾಗಿಲು ಮುಚ್ಚಿರುತ್ತವೇನೋ ಎಂದು ಮಗನಿಗೆ ತನ್ನನ್ನು ನೋಡಿಕೊಂಡಾಗ ಅನಿಸುತ್ತಿತ್ತು.

"ಕೂತ್ಕೊಳ್ಳಿ. ಬಾಯಿ ತೆಗೀರಿ," ಎಂದ. "ಭಾನುವಾರಕ್ಕೆ ಕೊಡ್ತೀನಿ."

ಅಂದೇ ಕೆಳಗೆ ಕ್ಲಿನಿಕ್ಕಿನಲ್ಲಿ ಅಚ್ಚು ತೆಗೆದಾಯಿತು. ಡಾಕ್ಟರಮ್ಮ ಅಳತೆ ಬರೆದುಕೊಟ್ಟರು. ಅವನು ಆ ಅಳತೆಗೆ ಮೂರು ಮಿಲಿಮೀಟರ್ ಸೇರಿಸಿದ. ಗುರುವಾರ ಸಂಜೆ, ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಅಪ್ಪನ ಬಾಯಿಗೆ ಇಟ್ಟು ನೋಡುವ ಹೊತ್ತು ಬಂತು. ಸೆಟ್ಟು ಒಳಗೆ ಹೋದದ್ದೇ ಕೆನ್ನೆ ತುಂಬಿತು, ಗಲ್ಲ ಕೆಳಗಿಳಿಯಿತು, ಬಾಯಿಯ ಸುತ್ತಲಿನ ಗೆರೆಗಳು ಬಿಗಿದವು. ಇದೇ. ಇವರೇ ಅಪ್ಪ. ನಾಲ್ಕು ವರ್ಷದಿಂದ ಮನೆಯಲ್ಲಿ ಇದ್ದದ್ದು ಇನ್ಯಾರೋ.

"ಸ್ವಲ್ಪ ಎತ್ತರ ಆಯ್ತಲ್ವಾ?" ಎಂದರು ಡಾಕ್ಟರಮ್ಮ, ಅಪ್ಪನ ಗಲ್ಲವನ್ನು ಬೆರಳಿಂದ ಎತ್ತಿ. "ತುಟಿ ಸೇರೋಕೆ ಕಷ್ಟಪಡ್ತಿವೆ."

"ಮೊದಲು ಹೀಗೇ ಇದ್ದದ್ದು ಮೇಡಂ. ರೂಢಿ ಆಗುತ್ತೆ."

ಅವನು ಎದುರಾಡಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಮಗನಿಗೇ ಹೆಚ್ಚು ಗೊತ್ತಿರಬೇಕು ಎಂದುಕೊಂಡು ಕೈಗವಸು ಬಿಚ್ಚಿದರು. ಚಹಾ ತಂದ ಪಾಲಿಶ್ ಅಕ್ಕ ಮಾತ್ರ ಬಾಗಿಲಲ್ಲೇ ನಿಂತು, "ನಿಮ್ಮಪ್ಪ ಯಾರ ಮೇಲೆ ಸಿಟ್ಟಾಗಿದಾರೆ?" ಎಂದು ಮೆಲ್ಲಗೆ ಕೇಳಿದರು.

"ಸಿಟ್ಟೇನಿಲ್ಲ. ಹೊಸ ಹಲ್ಲು."

ಶನಿವಾರ ರಾತ್ರಿಯ ಊಟಕ್ಕೆ ಮೊದಲು ಸೆಟ್ಟು ಸಿದ್ಧವಾಗಿತ್ತು. ಭಾನುವಾರ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು, ದನಿಯಿಲ್ಲದೆ ತುಟಿಯಾಡಿಸಿ ಅಭ್ಯಾಸ ಮಾಡುತ್ತಿದ್ದರು. ತುಟಿ ಮುಚ್ಚಬೇಕಾದಲ್ಲೆಲ್ಲ ದವಡೆಗೆ ಬಲ ಹಾಕಬೇಕಾಗುತ್ತಿತ್ತು. "ಹೊಸ ಚಪ್ಪಲಿ ಥರ ಕಚ್ಚುತ್ತೆ. ಇರ್ಲಿ, ಒಂದು ಮಾತಿಗೆ ಸಾಕು," ಎಂದರು.

ಅತ್ತೆಯ ಮನೆ ಹತ್ತು ನಿಮಿಷದ ದಾರಿ. ಬಾಗಿಲು ತೆರೆದೇ ಇತ್ತು. ಒಳಗೆ ಹಗ್ಗ ಕಟ್ಟಿದ ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ, ಗೋಡೆಯಿಂದ ಇಳಿಸಿ ಒರಗಿಸಿದ ನಿಲುಗನ್ನಡಿ. ಹಳೇ ಪತ್ರಿಕೆಯಲ್ಲಿ ಲೋಟ ಸುತ್ತುತ್ತಿದ್ದ ಅತ್ತೆ, ನೆರಳು ಬಿದ್ದದ್ದು ಕಂಡು ತಲೆಯೆತ್ತಿದರು. ನಗುತ್ತಲೇ ಎತ್ತಿದರು. ಅಪ್ಪನ ಮುಖ ಕಂಡದ್ದೇ ಆ ನಗು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಲೋಟವನ್ನು ಮೆಲ್ಲನೆ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

ಅಪ್ಪ ಅದನ್ನು ಗಮನಿಸಲಿಲ್ಲ. ಬಾಗಿಲಲ್ಲೇ ನಿಂತು, ದವಡೆ ಬಿಗಿದು, ಹಲ್ಲು ಕಾಣುವ ಹಾಗೆ ತುಟಿ ಅಗಲಿಸಿ ಮೊದಲ ಪದ ಎತ್ತಿದರು: "ನೀನು..."

ಅತ್ತೆ ಕಣ್ಣು ಮುಚ್ಚಿಕೊಂಡರು.

ಕಿವಿ ಕೇಳದವರಿಗೆ ಅಷ್ಟೇ ಸಾಕು. ಎದುರಿನವರು ಲೋಕಕ್ಕೆಲ್ಲ ಕೇಳುವಂತೆ ಕೂಗಿದರೂ ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು. ಮುಚ್ಚಿದ ಕಣ್ಣಲ್ಲೇ ಅವರು ಹೇಳಿದರು, ತಮ್ಮ ದನಿ ಎಷ್ಟು ಜೋರೆಂದು ತಮಗೇ ತಿಳಿಯದೆ:

"ಬೇಡ ಅಣ್ಣ. ಹೋಗೋ ದಿನ ಬೇಡ. ಅವತ್ತೂ ಇದೇ ಮುಖ ಹೊತ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಇನ್ನೊಂದ್ಸಲ ನೋಡೋ ಶಕ್ತಿ ನನಗಿಲ್ಲ."

"ನಾನೇನು ಮಾಡಿದೆ?" ಎಂದು ಅಪ್ಪ ಮಗನತ್ತ ತಿರುಗಿದರು. "ನಾನು ಸಿಟ್ಟಲ್ಲಿಲ್ಲ ಕಣೋ. ಹೇಳೋ ಅವಳಿಗೆ."

ಮಗ ಗೋಡೆಗೊರಗಿದ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. ಕಣ್ಣು ತಾನಾಗಿ ದವಡೆಗೆ ಹೋಯಿತು. ಅವನಿಗೆ ಆ ನೋಟ ಗುರುತಿತ್ತು. ಪಾಳಿ ಮುಗಿಸಿ ಬರುವ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಕೇಳಿದಾಗ, ಪುಸ್ತಕ ಮುಂದಿಟ್ಟುಕೊಂಡು ಓರೆಗಣ್ಣಲ್ಲಿ ಬಾಗಿಲು ನೋಡುತ್ತಿದ್ದ ಹುಡುಗನ ನೋಟ ಅದು. ಆಗಲೂ ಮೊದಲು ನೋಡುತ್ತಿದ್ದದ್ದು ದವಡೆಯನ್ನು. ದವಡೆ ಸಡಿಲವಿದ್ದರೆ ಆಟವಾಡಬಹುದು, ಬಿಗಿದಿದ್ದರೆ ಓದಬೇಕು. ಅಪ್ಪನ ಬಾಯಿಯ ಅಳತೆಯನ್ನು ಅವನು ಕಲಿತದ್ದು ಹಾಗೆ. ಮೊನ್ನೆ ಮೇಣದ ಮೇಲೆ ಎಳೆದದ್ದು ಅದೇ ಅಳತೆ. ಹಲ್ಲು ಇದ್ದ ಅಪ್ಪನನ್ನು ನೆನೆದರೆ ಅವನಿಗೆ ನೆನಪಿಗೆ ಬರುವ ಮುಖ ಅದೊಂದೇ.

"ಅಪ್ಪ, ಸೆಟ್ಟು ಬಿಚ್ಚಿ ಕೊಡಿ."

"ಯಾಕೆ?"

"ಕೊಡಿ ಅಂದೆ."

ಅಷ್ಟು ಗಟ್ಟಿಯಾಗಿ ಅವನು ಅಪ್ಪನೊಂದಿಗೆ ಮಾತಾಡಿದ್ದು ಅದೇ ಮೊದಲು. ಅಪ್ಪ ಬೆಪ್ಪಾಗಿ ಬಿಚ್ಚಿ ಕೊಟ್ಟರು, ಮುಖ ಕುಸಿಯಿತು. ಅವನು ಅತ್ತೆಯ ಮೊಣಕೈ ಮುಟ್ಟಿದ. ಅತ್ತೆ ಕಣ್ಣು ತೆರೆದಾಗ, ತನ್ನ ಬಾಯಿ ಅವರಿಗೆ ಸರಿಯಾಗಿ ಕಾಣುವ ಹಾಗೆ ನಿಂತು ಕೇಳಿದ:

"ಲಾರಿ ಎಷ್ಟು ಗಂಟೆಗೆ ಅತ್ತೆ?"

"ಐದಕ್ಕೆ."

"ಐದಕ್ಕೆ ಮುಂಚೆ ಬರ್ತೀವಿ. ನಾವು ಬರದೆ ಹತ್ತಬೇಡಿ."

ಗಂಟೆ ಹನ್ನೊಂದೂವರೆಯಾಗಿತ್ತು. ಲ್ಯಾಬಿನ ಬೀಗ ತೆಗೆದು, ಕಿಟಕಿ ತೆರೆದು, ಅಂಗಿಯ ತೋಳು ಮಡಚಿ ಕೂತ. ಎತ್ತರ ಇಳಿಸುವುದು ಏರಿಸಿದಷ್ಟು ಸುಲಭವಲ್ಲ. ಕೆಳಗಿನ ಸಾಲನ್ನು ಬುಡದಿಂದ ಕತ್ತರಿಸಿ ತೆಗೆಯಬೇಕು, ಡಾಕ್ಟರಮ್ಮ ಬರೆದ ಅಳತೆಗೆ ಒಂದೊಂದೇ ಹಲ್ಲನ್ನು ಮತ್ತೆ ಕೂರಿಸಬೇಕು, ಬೇಯಿಸದೆ ತಾನೇ ಗಟ್ಟಿಯಾಗುವ ಪುಡಿ ಕಲಸಿ ಸೇರಿಸಬೇಕು. ಆತುರಪಟ್ಟರೆ ಸೆಟ್ಟೇ ಹೋಳಾಗುತ್ತದೆ. ಪಾಲಿಶ್ ಅಕ್ಕನ ಸ್ಟೂಲಿನ ಮೇಲೆ ಅಪ್ಪ ಮೊಣಕಾಲಿಗೆ ಕೈಯೂರಿ ಕೂತರು.

"ಆಗುತ್ತೇನೋ?"

"ಆಗಿಸ್ತೀನಿ."

"ಭಾನುವಾರ ಇನ್ನೂ ಮುಗಿದಿಲ್ಲ," ಎಂದರು ಅಪ್ಪ, ತಮಗೇ ಹೇಳಿಕೊಳ್ಳುವ ಹಾಗೆ.

ಕತ್ತರಿಸುವ ಯಂತ್ರ ಕಿರುಗುಟ್ಟಿತು. ಗುಲಾಬಿ ಪುಡಿ ಮೇಜಿನ ಮೇಲೆ ಉದುರಿತು. ಕೆಳಗಿನ ಸಾಲು ಅರ್ಧ ಬಿಡಿಸಿದಾಗ ಅಪ್ಪ ಮಾತಾಡಿದರು. ಅವರ ಮಾತಿನಲ್ಲಿ ಈಗ ಹಲ್ಲಿರಲಿಲ್ಲ, ಆದರೆ ಮಗನಿಗೆ ನಾಲ್ಕು ವರ್ಷದ ರೂಢಿ.

"ನನ್ನ ಮುಖ ಹಂಗಿತ್ತಾ?"

ಅವನು ಯಂತ್ರ ನಿಲ್ಲಿಸಲಿಲ್ಲ.

"ಅವತ್ತು ಶೆಡ್ಡಲ್ಲೂ ಅವಳು ಹಂಗೇ ಒಂದು ಹೆಜ್ಜೆ ಹಿಂದೆ ಹೋಗಿದ್ಲು. ನಂಗೆ ನೆನಪಿರೋದು ಅವಳ ಮುಖ. ನನ್ನದು ನಂಗೆ ಕಂಡಿರಲಿಲ್ಲವಲ್ಲ." ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ನೀನು ಚಿಕ್ಕವನಿದ್ದೆ. ನಿಂಗೂ ಹಂಗೇ ಕಾಣ್ತಿದ್ನಾ?"

ಯಂತ್ರದ ಸದ್ದಿನಲ್ಲಿ ಕೇಳಲಿಲ್ಲ ಎನ್ನಬಹುದಿತ್ತು. ಅವನು ಗುಂಡಿ ಒತ್ತಿ ನಿಲ್ಲಿಸಿದ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಪ್ಪ ಅವನ ತುಟಿಯನ್ನೇ ನೋಡುತ್ತಿದ್ದರು. ಅರ್ಧ ಕಿವಿಯ ಮನುಷ್ಯ. ಉಳಿದರ್ಧ ಅವರೂ ಕಣ್ಣಿಂದಲೇ ಕೇಳಬೇಕಿತ್ತು.

"ಅಳತೆ ತಪ್ಪಾಯ್ತು ಅಪ್ಪ. ನನ್ನ ಕೈತಪ್ಪು."

ಅಪ್ಪ ಅವನ ಕೈ ನೋಡಿದರು. "ಹ್ಞೂಂ," ಎಂದರು. "ಇಪ್ಪತ್ತು ವರ್ಷದ ಕೈ." ಆಮೇಲೆ ಕಿಟಕಿಯ ಕಡೆ ತಿರುಗಿದರು. ಅವನು ಮತ್ತೆ ಗುಂಡಿ ಒತ್ತಿದ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಅಂದದ ಸೆಟ್ಟಲ್ಲ, ಅಂಚು ಒರಟಾಗಿತ್ತು, ಸೇರಿಸಿದ ಜಾಗದಲ್ಲಿ ಬಣ್ಣ ಬೇರೆಯಾಗಿತ್ತು. ಪಾಲಿಶ್ ಅಕ್ಕ ನೋಡಿದ್ದರೆ ಕಿಟಕಿಯಿಂದ ಎಸೆಯುತ್ತಿದ್ದರು. ಆದರೆ ಅಪ್ಪ ಅದನ್ನು ಬಾಯಿಗಿಟ್ಟುಕೊಂಡಾಗ ತುಟಿಗಳು ತಾವಾಗಿ ಸೇರಿದವು. ಮುಖ ಬಿಗಿಯಲಿಲ್ಲ. ಹಲ್ಲಿರುವ, ಎಪ್ಪತ್ತಾರು ವರ್ಷದ, ಸ್ವಲ್ಪ ದಣಿದ ಒಬ್ಬ ಮನುಷ್ಯ ಎದುರಿಗಿದ್ದರು. ಇವರನ್ನು ಅವನು ಮೊದಲ ಬಾರಿಗೆ ನೋಡುತ್ತಿದ್ದ.

ಅತ್ತೆಯ ಮನೆಯ ಬೀದಿಯಲ್ಲಿ ಲಾರಿ ಆಗಲೇ ನಿಂತಿತ್ತು. ಇಬ್ಬರು ಹಮಾಲಿಗಳು ಬೀರುವನ್ನು ಹಗ್ಗದಿಂದ ಕಟ್ಟುತ್ತಿದ್ದರು. ಅತ್ತೆ ಕೈಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಇನ್ನೂ ಲಾರಿ ಹತ್ತಿರಲಿಲ್ಲ. ಅಪ್ಪ ಮೂರು ಮಾರು ದೂರದಲ್ಲೇ ನಿಂತರು. ಈ ಸಲ ಅತ್ತೆ ಹಿಂದೆ ಸರಿಯಲಿಲ್ಲ. ಕತ್ತು ಮುಂದೆ ಚಾಚಿ, ಬೆಳಕಿಗೆ ಕಣ್ಣು ಕಿರಿದು ಮಾಡಿ, ಅಣ್ಣನ ಮುಖವನ್ನು ಪರೀಕ್ಷೆ ಮಾಡುವ ಹಾಗೆ ನೋಡಿದರು.

ಅಪ್ಪನ ತುಟಿಗಳು ಆಡಿದವು. ದನಿ ಇರಲಿಲ್ಲ, ಶೆಡ್ಡಿನ ಮಾತು ಶೆಡ್ಡಿನ ಭಾಷೆಯಲ್ಲೇ. ಪಕ್ಕದಲ್ಲಿದ್ದ ಮಗನಿಗೆ ಕಂಡದ್ದು ಏರಿಳಿಯುವ ಗಲ್ಲ ಮಾತ್ರ.

"ಎಲ್ಲಿ, ಸರಿಯಾಗಿ ಕಾಣಿಸ್ಲಿಲ್ಲ," ಎಂದರು ಅತ್ತೆ. "ಇನ್ನೊಂದ್ಸಲ."

ಅಪ್ಪ ಇನ್ನೊಮ್ಮೆ ಹೇಳಿದರು.

"'ಅವತ್ತು ಅಂದಿದ್ದು ತಪ್ಪು' ಅಂತೀಯಾ?" ಇಡೀ ಬೀದಿಗೆ ಕೇಳುವಂತೆ ಅತ್ತೆ ಕೂಗಿದರು. ಹಮಾಲಿಗಳು ಹಗ್ಗ ಬಿಟ್ಟು ತಿರುಗಿ ನೋಡಿದರು. ಅಪ್ಪ ತಲೆಯಾಡಿಸಿದರು. "ಹೂಂ ಅನ್ನು, ತಲೆ ಆಡಿಸಬೇಡ. ಬಾಯಲ್ಲಿ ಅನ್ನು. ಹಲ್ಲು ಹಾಕಿಸ್ಕೊಂಡ್ ಬಂದಿದೀಯಲ್ಲ!"

"ಹೂಂ," ಎಂದರು ಅಪ್ಪ, ದನಿ ತೆಗೆದು. "ತಪ್ಪು. ಎಲ್ಲರ ಮುಂದೆ ಅಂದಿದ್ದು ಇನ್ನೂ ತಪ್ಪು."

"ಅಯ್ಯೋ ಪೆದ್ದಣ್ಣ. ಇದಕ್ಕೆ ನಲವತ್ತೊಂದು ವರ್ಷ ಬೇಕಿತ್ತಾ? ಇದ್ದ ಹಲ್ಲೆಲ್ಲ ಉದುರೋವರೆಗೂ ಕಾಯಬೇಕಿತ್ತಾ?" ಎನ್ನುತ್ತ ಅತ್ತೆ ಕೆಳಗಿಳಿದು ಬಂದು, ಕೈಚೀಲ ಹಿಡಿದ ಕೈಯಿಂದಲೇ ಅಣ್ಣನ ಬೆನ್ನಿಗೊಂದು ಗುದ್ದಿದರು. ಅಪ್ಪ ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಈ ಸಲ ಥತ್ ಎನ್ನಲಿಲ್ಲ, ತೋಳಿನಿಂದ ಒರೆಸಿಕೊಳ್ಳಲೂ ಇಲ್ಲ.

ಲಾರಿ ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಮಗ ಮನೆಯ ಕಡೆ ನಡೆದರು. ಅರ್ಧ ದಾರಿಯಲ್ಲಿ ಅಪ್ಪ ಸೆಟ್ಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

"ಒರಟಿದೆ ಕಣೋ, ಒಂದು ಕಡೆ."

"ನಾಳೆ ಉಜ್ಜಿ ಕೊಡ್ತೀನಿ."

"ಎತ್ತರ ಈಗ ಸರಿಯಾಯ್ತು."

"ಹೂಂ."

"ಮೊದಲು ಅಷ್ಟೊಂದು ಹೇಗೆ ತಪ್ಪಿತೋ," ಎಂದರು ಅಪ್ಪ. ಕೇಳಿದ್ದಲ್ಲ, ಸುಮ್ಮನೆ ಅಂದದ್ದು.

ಅದು ತಪ್ಪು ಅಳತೆಯಲ್ಲ, ತಾನು ಹುಡುಗನಾಗಿದ್ದಾಗ ದಿನವೂ ಸಂಜೆ ಬಾಗಿಲಲ್ಲಿ ಕಂಡ ಅಪ್ಪನ ಮುಖದ್ದೇ ಸರಿಯಾದ ಅಳತೆ ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.